ಕಿವಿಯಲ್ಲಿ ಉಳಿದ ಇತಿಹಾಸ

ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವ ಹೆಂಗಸು ಕಥೆ, ನಾಟಕಗಳಲ್ಲಿ ಬರುವುದೇ ಅಪರೂಪ. ಬಂದರೂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಇಸವಿಗಳನ್ನು ಒಪ್ಪಿಸುವ ಹಾಸ್ಯದ ಪಾತ್ರವಾಗಿ ಬಂದು, ಮಕ್ಕಳಿಂದ ನಗೆಗೀಡಾಗಿ ಹೋಗುತ್ತಾಳೆ. ಹೀಗಿರುವಾಗ ಐವತ್ತೈದು ವರ್ಷದ ಇತಿಹಾಸದ ಅಧ್ಯಾಪಕಿಯೊಬ್ಬಳು ಉಣ್ಣೆಯ ಸ್ವೆಟರ್ ತೊಟ್ಟು, ಕೈಚೀಲ ಹಿಡಿದು, ಕಾಲದ ಹಿಂದಕ್ಕೂ ಮುಂದಕ್ಕೂ ಸಂಚಾರ ಹೊರಡುವ ನಾಟಕವೊಂದು ಕಿವಿಗೆ ಬಿದ್ದಾಗ ನಾನು ತಿದ್ದುತ್ತಿದ್ದ ಉತ್ತರ ಪತ್ರಿಕೆಗಳ ಕಟ್ಟನ್ನು ಪಕ್ಕಕ್ಕೆ ಸರಿಸಿದೆ.

ಇದನ್ನು ನನ್ನ ಕಿವಿಗೆ ಹಾಕಿದವಳು ಮಗಳು. ಓದಲು ಇಂಗ್ಲೆಂಡಿಗೆ ಹೋದವಳು ರಜೆಗೆ ಬಂದಾಗ ನನ್ನ ಮೊಬೈಲಿಗೆ ಏನೇನೋ ತುಂಬಿಸಿ, "ಅಮ್ಮ, ನೀನು ರೇಡಿಯೋ ನಾಟಕ ಕೇಳ್ಕೊಂಡು ಬೆಳೆದೋಳು. ಇದನ್ನ ಕೇಳಿ ನೋಡು. ನಿನ್ನಂಥೋಳೇ ಒಬ್ಬಳು ಸಿಗ್ತಾಳೆ" ಎಂದಳು. ಅವಳು ಹೇಳಿದ್ದು ನಿಜ. ನಮ್ಮ ಮನೆಗೆ ಟೀವಿ ಬರುವುದಕ್ಕೆ ಎಷ್ಟೋ ವರ್ಷ ಮುಂಚೆ ಭದ್ರಾವತಿ ಆಕಾಶವಾಣಿಯ ನಾಟಕಗಳು ಬಂದಿದ್ದವು. ಬಾಗಿಲು ಕಿರುಗುಟ್ಟಿದರೆ ಯಾರೋ ಬಂದರು, ಕಪ್ಪುಬಸಿ ಸದ್ದಾದರೆ ಕಾಫಿ ಕೊಟ್ಟರು ಎಂದು ತಿಳಿಯುವ ವಿದ್ಯೆ ನಮಗೆ ಆಗಲೇ ಕೈವಶವಾಗಿತ್ತು. ಆದರೆ ಇಂಗ್ಲಿಷರ ಉಚ್ಚಾರ ನನಗೆ ಒಂದೇ ಸಲಕ್ಕೆ ಹತ್ತುವುದಿಲ್ಲ. ಪ್ರತಿಯೊಂದು ನಾಟಕವನ್ನೂ ಎರಡು ಸಲ ಕೇಳಿದೆ. ಮೊದಲ ಸಲ ಕಥೆಗೆ, ಎರಡನೆಯ ಸಲ ಮಾತಿಗೆ.

ನಾಟಕದ ಮೂಲ 'ಡಾಕ್ಟರ್ ಹೂ' ಎಂಬ ಬಿಬಿಸಿಯ ಟೀವಿ ಧಾರಾವಾಹಿ. ಅದು ಶುರುವಾದದ್ದು 1963ರ ನವೆಂಬರ್ 23ರ ಸಂಜೆ, ಅಮೆರಿಕದಲ್ಲಿ ಕೆನಡಿಯ ಕೊಲೆಯಾದ ಮಾರನೆಯ ದಿನ. ಮೊದಲ ಕಂತನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ನಮ್ಮ ಲಕ್ನೋದಲ್ಲಿ. ಡಾಕ್ಟರ್ ಎಂದಷ್ಟೇ ಕರೆಸಿಕೊಳ್ಳುವ ಒಬ್ಬ ಅನ್ಯಲೋಕದವನು, ಹೊರಗಿನಿಂದ ನೋಡಿದರೆ ಪೊಲೀಸರ ನೀಲಿ ಟೆಲಿಫೋನ್ ಪೆಟ್ಟಿಗೆಯಂತಿರುವ, ಒಳಗೆ ಮಾತ್ರ ಅರಮನೆಯಷ್ಟು ವಿಶಾಲವಾಗಿರುವ 'ಟಾರ್ಡಿಸ್' ಎಂಬ ವಾಹನದಲ್ಲಿ ಕಾಲ, ದೇಶಗಳನ್ನು ಸುತ್ತುತ್ತಾನೆ. ಸಾಯುವ ಹಂತಕ್ಕೆ ಬಂದಾಗ ಬೇರೆ ಮುಖ, ಬೇರೆ ಸ್ವಭಾವ ತಾಳಿ ಮತ್ತೆ ಏಳುತ್ತಾನೆ. ನಟ ಬದಲಾದರೂ ಧಾರಾವಾಹಿ ನಿಲ್ಲದಂತೆ ನೋಡಿಕೊಂಡ ಈ ಉಪಾಯ ನಮ್ಮ ಅವತಾರಗಳ ಕಲ್ಪನೆ ಇರುವವರಿಗೆ ವಿಚಿತ್ರವೆನಿಸುವುದಿಲ್ಲ.

ನನಗೆ ಹಿಡಿಸಿದ್ದು ಅದರ ಆರಂಭ. ಲಂಡನ್ನಿನ ಒಂದು ಶಾಲೆ. ಇತಿಹಾಸದ ಟೀಚರ್ ಬಾರ್ಬರಾ ರೈಟ್, ವಿಜ್ಞಾನದ ಮೇಷ್ಟ್ರು ಇಯಾನ್ ಚೆಸ್ಟರ್ಟನ್. ಸೂಸನ್ ಎಂಬ ವಿದ್ಯಾರ್ಥಿನಿಯ ಬಗ್ಗೆ ಇಬ್ಬರಿಗೂ ಚಿಂತೆ. ಕೆಲವು ವಿಷಯ ಮೇಷ್ಟ್ರುಗಳಿಗಿಂತ ಹೆಚ್ಚು ಗೊತ್ತು, ಕೆಲವು ಸಾಮಾನ್ಯ ಸಂಗತಿಗಳೇ ಗೊತ್ತಿಲ್ಲ. ಬಾರ್ಬರಾ ಅವಳಿಗೆ ಫ್ರೆಂಚ್ ಕ್ರಾಂತಿಯ ಪುಸ್ತಕ ಓದಲು ಕೊಡುತ್ತಾಳೆ. ಹುಡುಗಿ ಹಾಳೆ ತಿರುವಿ, ಇದು ಸರಿಯಿಲ್ಲ ಎನ್ನುತ್ತಾಳೆ. ಕೊನೆಗೆ ಇಬ್ಬರು ಅಧ್ಯಾಪಕರೂ ಶಾಲೆಯ ದಾಖಲೆಯಲ್ಲಿದ್ದ ವಿಳಾಸ ಹುಡುಕಿಕೊಂಡು ಅವಳ ಮನೆಗೆ ಹೊರಡುತ್ತಾರೆ. ಅಲ್ಲಿ ಮನೆಯಿಲ್ಲ, ಗುಜರಿ ಅಂಗಳ. ಗುಜರಿಯ ನಡುವೆ ನೀಲಿ ಪೆಟ್ಟಿಗೆ. ಅರವತ್ತು ವರ್ಷ ದಾಟಿ ಬಂದಿರುವ ಈ ಕಥೆ ಆರಂಭವಾಗುವುದು ಇಬ್ಬರು ಶಿಕ್ಷಕರು ಒಬ್ಬ ವಿದ್ಯಾರ್ಥಿನಿಯ ಮನೆಗೆ ಹೋದದ್ದರಿಂದ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಮತ್ತೆ ಇಲ್ಲಿಗೇ ಬರುತ್ತೇನೆ.

ಬಾರ್ಬರಾಳನ್ನು ಇತಿಹಾಸದ ಟೀಚರ್ ಮಾಡಿದ್ದು ಸುಮ್ಮನೆ ಅಲ್ಲ. ಮಕ್ಕಳಿಗೆ ಚರಿತ್ರೆ, ವಿಜ್ಞಾನ ಎರಡನ್ನೂ ಕಥೆಯ ನೆಪದಲ್ಲಿ ತಿಳಿಸಬೇಕೆಂಬುದು ಆಗಿನವರ ಉದ್ದೇಶವಾಗಿತ್ತು. 1964ರಲ್ಲಿ ಬಂದ 'ಮಾರ್ಕೋ ಪೋಲೋ' ಏಳು ಕಂತುಗಳಲ್ಲಿ ಕುಬ್ಲಾಯ್ ಖಾನನ ಚೀನಾವನ್ನು ಸುತ್ತಿಸಿತು. ಅದೇ ವರ್ಷದ 'ದ ಅಜ್‌ಟೆಕ್ಸ್' ಕಥೆಯಲ್ಲಿ ಜನ ಬಾರ್ಬರಾಳನ್ನೇ ಸತ್ತ ಪೂಜಾರಿಯ ಅವತಾರವೆಂದು ನಂಬುತ್ತಾರೆ. ಸಿಕ್ಕ ಅಧಿಕಾರದಿಂದ ಅವಳು ನರಬಲಿಯನ್ನು ನಿಲ್ಲಿಸಲು ಹೊರಡುತ್ತಾಳೆ. ನಡೆದುಹೋದದ್ದರ ಒಂದು ಅಕ್ಷರವನ್ನೂ ತಿದ್ದಲಾಗದೆಂದು ಡಾಕ್ಟರ್ ಗದರುತ್ತಾನೆ. ಅವಳು ಸೋಲುತ್ತಾಳೆ. ಕೊನೆಗೆ ಒಬ್ಬನೇ ಒಬ್ಬ ಪೂಜಾರಿಯ ಮನಸ್ಸು ತಿರುಗಿರುತ್ತದೆ, ಅಷ್ಟೇ.

ಇತಿಹಾಸವನ್ನು ಇಷ್ಟು ಹಚ್ಚಿಕೊಂಡ ಧಾರಾವಾಹಿಯ ಸ್ವಂತ ಇತಿಹಾಸಕ್ಕೆ ಆದ ಗತಿ ನೋಡಿ. ಆ ಕಾಲದಲ್ಲಿ ವಿಡಿಯೋ ಟೇಪು ಬಹಳ ದುಬಾರಿ. ಒಮ್ಮೆ ಪ್ರಸಾರವಾದದ್ದನ್ನು ಮುಂದೆ ಜನ ಮನೆಯಲ್ಲಿ ಕೂತು ಮತ್ತೆ ನೋಡುತ್ತಾರೆಂಬ ಊಹೆ ಯಾರಿಗೂ ಇರಲಿಲ್ಲ. 1960ರ ದಶಕದ ಕೊನೆಯಿಂದ 1978ರವರೆಗೆ ಬಿಬಿಸಿ ಹಳೆಯ ಟೇಪುಗಳನ್ನು ಅಳಿಸಿ ಬೇರೆ ಕಾರ್ಯಕ್ರಮಗಳಿಗೆ ಬಳಸಿತು, ಫಿಲ್ಮಿನ ಪ್ರತಿಗಳನ್ನು ನಾಶಮಾಡಿತು. ಆಮೇಲೆ ಎಚ್ಚೆತ್ತು ದೇಶ ದೇಶ ಹುಡುಕಿದರೂ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಸಿಕ್ಕಿಲ್ಲ. 'ಮಾರ್ಕೋ ಪೋಲೋ' ಕಥೆಯ ಏಳು ಕಂತುಗಳಲ್ಲಿ ಒಂದೂ ಇಲ್ಲ.

ಆದರೆ ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ ಉಳಿದಿದೆ! ಉಳಿಸಿದವರು ಯಾವ ಸರಕಾರಿ ಪತ್ರಾಗಾರದವರೂ ಅಲ್ಲ, ಮನೆ ಮನೆಯ ಹುಡುಗರು. ಟೀವಿಯ ಎದುರು ಮೈಕು ಇಟ್ಟೋ, ತಂತಿ ಜೋಡಿಸಿಯೋ, ದೊಡ್ಡ ಸುರುಳಿಯ ಟೇಪ್ ರೆಕಾರ್ಡರುಗಳಲ್ಲಿ ಧ್ವನಿಯನ್ನು ಹಿಡಿದಿಟ್ಟುಕೊಂಡವರು. ಮತ್ತೊಮ್ಮೆ ಕೇಳಬೇಕೆಂಬ ಆಸೆ ಬಿಟ್ಟರೆ ಅವರಿಗೆ ಬೇರೆ ಉದ್ದೇಶವಿರಲಿಲ್ಲ. 1990ರ ದಶಕದಲ್ಲಿ ಬಿಬಿಸಿ ಇಂಥ ಧ್ವನಿಗಳಿಗೆ ನಡುನಡುವೆ ನಿರೂಪಣೆ ಸೇರಿಸಿ ಮೊದಲು ಕ್ಯಾಸೆಟ್ಟುಗಳಲ್ಲಿ, ಆಮೇಲೆ ಸೀಡಿಗಳಲ್ಲಿ ಹೊರತಂದಿತು. 'ಮಾರ್ಕೋ ಪೋಲೋ' 2003ರಲ್ಲಿ ಬಂತು. ಇಯಾನ್ ಮೇಷ್ಟ್ರ ಪಾತ್ರ ಮಾಡಿದ್ದ ವಿಲಿಯಂ ರಸೆಲ್ ಅವರೇ ಅದರ ನಿರೂಪಕರು. ಚಿತ್ರವಿಲ್ಲದ ಆ ಮರುಭೂಮಿಯ ಯಾತ್ರೆಯನ್ನು ನಾನೂ ಕೇಳಿದೆ. ಹಿಂದೆ ಸಣ್ಣಗೆ ಗೊರಗೊರ ಎನ್ನುವ ಸದ್ದಿದೆ. ಅದು ನನಗೆ ತೊಂದರೆ ಎನಿಸಲಿಲ್ಲ. ಶಾಸನದ ಕಲ್ಲಿನ ಮೇಲೆ ಪಾಚಿ ಇರುವುದಿಲ್ಲವೇ?

ಮೊದಲಿನಿಂದಲೂ ಈ ಧಾರಾವಾಹಿಯ ಪ್ರಾಣ ಧ್ವನಿಯಲ್ಲೇ ಇತ್ತು ಎನ್ನಬಹುದು. ಟಾರ್ಡಿಸ್ ಹೊರಡುವಾಗ ಕೇಳುವ ಏದುಸಿರಿನಂಥ ಸದ್ದನ್ನು ಬ್ರಯಾನ್ ಹಾಡ್ಜ್‌ಸನ್ ಎಂಬವರು ಪಿಯಾನೋದ ತಂತಿಗಳ ಮೇಲೆ ಮನೆಯ ಬೀಗದ ಕೈ ಎಳೆದು ತಯಾರಿಸಿದರು. ಶೀರ್ಷಿಕೆ ಸಂಗೀತ ಬರೆದವರು ರಾನ್ ಗ್ರೇನರ್. ಆದರೆ ಕಾಗದದ ಮೇಲಿದ್ದ ಆ ರಾಗವನ್ನು, ಸಿಂತಸೈಜರ್ ಎಂಬುದು ಕೈಗೆ ಸಿಗದ ಕಾಲದಲ್ಲಿ, ಟೇಪನ್ನು ಸ್ವರ ಸ್ವರಕ್ಕೆ ಕತ್ತರಿಸಿ ಅಂಟಿಸಿ ನಾದವಾಗಿಸಿದವಳು ಬಿಬಿಸಿಯ ಧ್ವನಿ ಕಾರ್ಯಾಗಾರದ ಡೀಲಿಯಾ ಡರ್ಬಿಶೈರ್. ಗ್ರೇನರ್ ತನ್ನ ಸಂಭಾವನೆಯಲ್ಲಿ ಅವಳಿಗೂ ಪಾಲು ಕೊಡಲು ಒಪ್ಪಿದ್ದರು, ನಿಯಮ ಒಪ್ಪಲಿಲ್ಲ. ಅವಳು 2001ರಲ್ಲಿ ತೀರಿಕೊಂಡಳು. ಪರದೆಯ ಮೇಲೆ ಅವಳ ಹೆಸರು ಬಂದದ್ದು 2013ರಲ್ಲಿ, ಧಾರಾವಾಹಿಯ ಐವತ್ತನೆಯ ವರ್ಷದ ವಿಶೇಷ ಕಂತಿನಲ್ಲಿ.

1989ರಲ್ಲಿ ಟೀವಿ ಧಾರಾವಾಹಿ ನಿಂತುಹೋಯಿತು. 1996ರಲ್ಲಿ ಒಂದು ಟೀವಿ ಚಿತ್ರ ಬಂತು, ಮುಂದುವರಿಯಲಿಲ್ಲ. ಹಿಂದೆ ಮನೆಗಳಲ್ಲೇ ತಮ್ಮದೇ ನಾಟಕ ಕಟ್ಟಿ ಕ್ಯಾಸೆಟ್ಟಿನಲ್ಲಿ ಹಂಚುತ್ತಿದ್ದ ಅಭಿಮಾನಿಗಳಲ್ಲಿ ಕೆಲವರು ಸೇರಿಕೊಂಡ 'ಬಿಗ್ ಫಿನಿಶ್' ಎಂಬ ಸಂಸ್ಥೆ, ಬಿಬಿಸಿಯ ಪರವಾನಗಿ ಪಡೆದು, ಟೀವಿಯಲ್ಲಿ ಡಾಕ್ಟರ್ ಆಗಿದ್ದ ನಟರಿಂದಲೇ ಹೊಸ ಧ್ವನಿನಾಟಕಗಳನ್ನು ಮಾಡಿಸತೊಡಗಿತು. ಮೊದಲನೆಯದು 1999ರ ಜುಲೈಯಲ್ಲಿ ಬಂದ 'ದ ಸೈರನ್ಸ್ ಆಫ್ ಟೈಮ್'. ತಿಂಗಳಿಗೊಂದರಂತೆ ಬರುತ್ತಿದ್ದ ಈ ಮುಖ್ಯ ಮಾಲೆ 275 ನಾಟಕಗಳ ನಂತರ 2021ರಲ್ಲಿ ಮುಗಿಯಿತು. ಟೀವಿಯವರು ಕೈಬಿಟ್ಟ ಕಥೆಯನ್ನು, 2005ರಲ್ಲಿ ಅವರೇ ಮತ್ತೆ ಎತ್ತಿಕೊಳ್ಳುವವರೆಗೆ, ಈ ಜನ ಕಿವಿಗಳ ಮೂಲಕ ಬದುಕಿಸಿಕೊಂಡು ಬಂದರು.

275ನ್ನೂ ನಾನು ಕೇಳಿಲ್ಲ. ಕೇಳಿದ್ದೆಲ್ಲ ಚಿನ್ನ ಎಂದೂ ಹೇಳಲಾರೆ. 'ದ ಸೈರನ್ಸ್ ಆಫ್ ಟೈಮ್' ಮೂವರು ಡಾಕ್ಟರರನ್ನು ಒಟ್ಟು ಸೇರಿಸುವ ಅವಸರದಲ್ಲಿ ಯಾರ ಕಥೆಯೂ ಮನಸ್ಸಿನಲ್ಲಿ ನಿಲ್ಲದಂತೆ ಮಾಡುತ್ತದೆ. ಯುದ್ಧದ ಗದ್ದಲದಲ್ಲಿ ಯಾರು ಯಾರನ್ನು ಹೊಡೆದರೆಂದು ತಿಳಿಯದೆ ಗುಂಡಿ ಒತ್ತಿ ಹಿಂದಕ್ಕೆ ಹೋದದ್ದು ಎಷ್ಟೋ ಸಲ. ಎದುರಿಗೆ ಕಾಣುತ್ತಿರುವುದನ್ನೇ, "ಅಗೋ ನೋಡು, ಎಷ್ಟು ದೊಡ್ಡ ಬಾಗಿಲು!" ಎಂದು ವರ್ಣಿಸುವ ಪಾತ್ರಗಳೂ ಇವೆ. ನಮ್ಮ ಆಕಾಶವಾಣಿಯ ನಾಟಕಗಳಲ್ಲೂ ಈ ರೋಗವಿತ್ತು.

ಆದರೆ ಒಳ್ಳೆಯವು ಬಹಳ ಒಳ್ಳೆಯವು. 2001ರಲ್ಲಿ ಬಂದ ಅಲನ್ ಬಾರ್ನ್ಸ್ ಅವರ 'ಸ್ಟಾರ್ಮ್ ವಾರ್ನಿಂಗ್' ನಡೆಯುವುದು ಆರ್ 101 ಎಂಬ ವಾಯುನೌಕೆಯಲ್ಲಿ. ಇದು ನಿಜವಾಗಿ ಇದ್ದ ನೌಕೆ. 1930 ಎಂದರೆ ನಾನು ಮಕ್ಕಳಿಗೆ ದಂಡಿ ಯಾತ್ರೆ, ಅಂಕೋಲೆಯ ಉಪ್ಪಿನ ಸತ್ಯಾಗ್ರಹ ಎಂದು ಬರೆಸುತ್ತೇನೆ. ಅದೇ ವರ್ಷ ಅಕ್ಟೋಬರ್ 4ರ ಸಂಜೆ, ಬ್ರಿಟಿಷ್ ಸಾಮ್ರಾಜ್ಯದ ಹೆಮ್ಮೆಯೆಂದು ಮೆರೆಸಿದ ಈ ನೌಕೆ ಇಂಗ್ಲೆಂಡಿನಿಂದ ಹೊರಟಿದ್ದು ಆಗ ಹಿಂದೂಸ್ಥಾನದಲ್ಲೇ ಇದ್ದ ಕರಾಚಿಗೆ. ಅದನ್ನು ಕಟ್ಟಲು ಕರಾಚಿಯಲ್ಲಿ ಕಂಬ ನೆಟ್ಟು, ದೊಡ್ಡ ಶೆಡ್ಡು ಎಬ್ಬಿಸಿ ಕಾಯುತ್ತಿದ್ದರು. ಹೊರಟ ರಾತ್ರಿಯೇ ಮಳೆಗಾಳಿಗೆ ಸಿಕ್ಕಿ ಫ್ರಾನ್ಸಿನ ಬೋವೆ ಪಟ್ಟಣದ ಬಳಿ ನೆಲಕ್ಕಪ್ಪಳಿಸಿತು. ಹೊಟ್ಟೆಯ ತುಂಬ ಹೈಡ್ರೋಜನ್ ಇದ್ದುದರಿಂದ ಹೊತ್ತಿ ಉರಿಯಿತು. 54 ಜನರಲ್ಲಿ 48 ಮಂದಿ ಸತ್ತರು. ಸತ್ತವರಲ್ಲಿ ವಾಯುಯಾನ ಮಂತ್ರಿ ಲಾರ್ಡ್ ಥಾಮ್ಸನ್ ಒಬ್ಬರು. ಅವರು ಹುಟ್ಟಿದ್ದು ನಾಸಿಕದಲ್ಲಿ. ನಮ್ಮ ನೆಲಕ್ಕೆ ಬರಲು ಹೊರಟು ಬಾರದೆ ಹೋದ ಈ ನೌಕೆಯ ವಿಷಯ ನನಗೆ ತಿಳಿದದ್ದು, ನಾಚಿಕೆಯಿಂದ ಹೇಳುತ್ತೇನೆ, ಈ ನಾಟಕದಿಂದ.

ನಾಟಕದಲ್ಲಿ ಈ ನೌಕೆಯೊಳಗೆ ಕದ್ದು ಹತ್ತಿದ ಹದಿನೆಂಟು ವರ್ಷದ ಹುಡುಗಿಯೊಬ್ಬಳಿದ್ದಾಳೆ, ಷಾರ್ಲಿ ಪೊಲಾರ್ಡ್. ಡಾಕ್ಟರ್ ಅವಳನ್ನು ಉಳಿಸುತ್ತಾನೆ. ಆಮೇಲೆ ಅವನಿಗೆ ಅರಿವಾಗುತ್ತದೆ: ಇತಿಹಾಸದ ಪ್ರಕಾರ ಇವಳು ಅಲ್ಲೇ ಸಾಯಬೇಕಿತ್ತು. ಡಾಕ್ಟರಾದ ಪಾಲ್ ಮೆಗ್ಯಾನ್ ಅವರ ಧ್ವನಿ ಆ ಗಳಿಗೆಯಲ್ಲಿ ಸಣ್ಣದಾಗುತ್ತದೆ. ಅಂದು ಬಾರ್ಬರಾಳನ್ನು ಗದರಿದ್ದ ಡಾಕ್ಟರ್ ಇಂದು ತಾನೇ ಒಂದು ಅಕ್ಷರ ತಿದ್ದಿಬಿಟ್ಟಿದ್ದಾನೆ.

ಆ ತಿದ್ದುಪಡಿಯ ಬೆಲೆ ಮುಂದಿನ ನಾಟಕಗಳಲ್ಲಿ ಗೊತ್ತಾಗುತ್ತದೆ. ಅವುಗಳಲ್ಲಿ ರಾಬರ್ಟ್ ಶಿಯರ್‌ಮನ್ ಬರೆದ 'ದ ಚೈಮ್ಸ್ ಆಫ್ ಮಿಡ್‌ನೈಟ್' (2002) ನಾನು ಕೇಳಿದ ಅತ್ಯುತ್ತಮ ಧ್ವನಿನಾಟಕಗಳಲ್ಲೊಂದು. 1906ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ಶ್ರೀಮಂತರ ಮನೆಯೊಂದರಲ್ಲಿ ಆಳುಗಳಿರುವ ಕೆಳಗಿನ ಅಂತಸ್ತು. ಗಡಿಯಾರ ಬಡಿದಾಗಲೆಲ್ಲ ಒಬ್ಬರು ಸಾಯುತ್ತಾರೆ, ಮತ್ತೆ ಹಿಂದಿನಂತಾಗುತ್ತದೆ. ಪಾತ್ರೆ ಉಜ್ಜುವ ಹುಡುಗಿ ಈಡಿತ್ ಸತ್ತರೆ ಉಳಿದ ಆಳುಗಳಿಗೂ ಅದೊಂದು ಸಾವೆನಿಸುವುದಿಲ್ಲ. ತಾನು ಯಾರೂ ಅಲ್ಲ, ಏನೂ ಅಲ್ಲ ಎಂದು ಅವಳೇ ನಂಬಿದ್ದಾಳೆ. ಗುಟ್ಟನ್ನು ಇಲ್ಲಿ ಬಿಡಿಸುವುದಿಲ್ಲ. ಆರ್ 101 ಉರಿದದ್ದಕ್ಕೂ ಈ ಹುಡುಗಿಗೂ ಸಂಬಂಧವಿದೆ, ಅವಳ ಹೆಸರು ಹಿಡಿದು ಕರೆದ ಒಬ್ಬರಿಂದ ಎಲ್ಲವೂ ನಿಂತಿದೆ ಎಂದಷ್ಟು ಹೇಳಬಲ್ಲೆ. ನಾವು ಕಲಿಸುವ ಇತಿಹಾಸದಲ್ಲಿ ಅರಮನೆಯ ಪಾತ್ರೆ ಉಜ್ಜಿದವರ ಹೆಸರಿದೆಯೇ?

ಇನ್ನು ನನ್ನ ಅಧ್ಯಾಪಕಿಯ ಕಡೆಗೆ ಬರುತ್ತೇನೆ. ಅವಳ ಹೆಸರು ಡಾ. ಎವಲಿನ್ ಸ್ಮೈದ್. ಜಾಕ್ವೆಲಿನ್ ರೇನರ್ ಬರೆದ 'ದ ಮೇರಿಯನ್ ಕಾನ್‌ಸ್ಪಿರಸಿ' (2000) ನಾಟಕದಲ್ಲಿ ಮೊದಲು ಬಂದಳು. ಪಾತ್ರಕ್ಕೆ ಧ್ವನಿ ಕೊಟ್ಟವರು ಮ್ಯಾಗಿ ಸ್ಟೇಬಲ್ಸ್. ಡಾಕ್ಟರನ ಜೊತೆಗಾತಿ ಎಂದರೆ ಚೆಲುವೆಯಾದ ಹರೆಯದ ಹುಡುಗಿ ಎಂಬ ರೂಢಿ ಇದ್ದಲ್ಲಿ ಇದು ಸಣ್ಣ ಧೈರ್ಯವಲ್ಲ. ಇಲ್ಲಿ ಡಾಕ್ಟರ್ ಕಾಲಿನ್ ಬೇಕರ್. ಟೀವಿಯಲ್ಲಿ ಅವರ ಡಾಕ್ಟರ್ ಜಗಳಗಂಟ, ಬಾಯಿಬಡುಕ. ಕಣ್ಣು ಕುಕ್ಕುವ ತೇಪೆ ಬಣ್ಣಗಳ ಕೋಟು ಬೇರೆ. 1986ರಲ್ಲಿ ಅವರನ್ನು ಪಾತ್ರದಿಂದ ತೆಗೆದುಹಾಕಿದರು. ಧ್ವನಿನಾಟಕದಲ್ಲಿ ಕೋಟು ಕಾಣುವುದಿಲ್ಲವಲ್ಲ! ಜೊತೆಗೆ, ಅವನು ಕೂಗಾಡಿದರೆ ಕಾಲೇಜಿನ ಹುಡುಗನಿಗೆ ಹೇಳುವಂತೆ "ಸಾಕು" ಎನ್ನುವ ಹಿರಿಯಳೊಬ್ಬಳು ಸಿಕ್ಕಳು. ಅವನ ದನಿ ಇಳಿಯಿತು, ಒಳಗಿದ್ದ ಕರುಣೆ ಕೇಳಿಸಿತು.

ಎವಲಿನ್ ಇಳಿಯುವುದು 16ನೇ ಶತಮಾನದ ಲಂಡನ್ನಿನಲ್ಲಿ, ಮೇರಿ ರಾಣಿಯ ಆಳ್ವಿಕೆಯಲ್ಲಿ. ಸುಮಾರು 280 ಪ್ರಾಟೆಸ್ಟೆಂಟರನ್ನು ಜೀವಂತ ಸುಡಿಸಿದ ರಾಣಿ ಈಕೆ. ರಕ್ತಪಿಪಾಸು ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಪಾಠ ಮಾಡುವವರಿಗೆ ಅನುಕೂಲ. ನಾಟಕದಲ್ಲಿ ಕೇಳುವುದು ಒಬ್ಬ ಒಂಟಿ ಹೆಂಗಸಿನ ದನಿ. ತಾನು ಮಾಡುತ್ತಿರುವುದು ಪ್ರಜೆಗಳ ಆತ್ಮೋದ್ಧಾರಕ್ಕೆಂದು ನಂಬಿದವಳ ದನಿ. ಸುಡುವುದು ತಪ್ಪೆಂಬುದರಲ್ಲಿ ನಾಟಕಕ್ಕೆ ಸಂದೇಹವಿಲ್ಲ, ಆದರೆ ಸುಡಿಸಿದವಳನ್ನು ರಾಕ್ಷಸಿ ಎಂದು ದೂರವಿಡಲೂ ಬಿಡುವುದಿಲ್ಲ. 2003ರ 'ಜುಬಿಲಿ' ಇದಕ್ಕಿಂತ ನಿಷ್ಠುರ. ಅದೂ ಶಿಯರ್‌ಮನ್ ಅವರದು. ಲೋಹದ ಕವಚದೊಳಗಿನ ಕ್ರೂರ ಜೀವಿಗಳಾದ ಡಾಲೆಕ್‌ಗಳನ್ನು 1903ರಲ್ಲಿ ಸೋಲಿಸಿ ಸಾಮ್ರಾಜ್ಯ ಕಟ್ಟಿದ ಒಂದು ಕಲ್ಪಿತ ಇಂಗ್ಲೆಂಡ್ ಗೆಲುವಿನ ನೂರನೆಯ ವರ್ಷ ಆಚರಿಸುತ್ತಿದೆ. ಕೊನೆಯ ಡಾಲೆಕ್ ಲಂಡನ್ ಗೋಪುರದ ಸೆರೆಯಲ್ಲಿ ಚಿತ್ರಹಿಂಸೆ ಅನುಭವಿಸುತ್ತಿದೆ. ವೈರಿಯ ಆಟಿಕೆ ಮಾಡಿ ಮಾರುತ್ತ, ಅದರ ಮೇಲೆ ಸಿನಿಮಾ ತೆಗೆದು ನಗುತ್ತ ಆ ಜನ ತಾವೇ ಡಾಲೆಕ್‌ಗಳಂತಾಗಿದ್ದಾರೆ. ಸೆರೆಯಲ್ಲಿರುವ ಜೀವಿಯ ಜೊತೆ ಮನುಷ್ಯರಂತೆ ಮಾತನಾಡುವವಳು ಎವಲಿನ್ ಒಬ್ಬಳೇ. 2005ರಲ್ಲಿ ಟೀವಿಗೆ ಬಂದ 'ಡಾಲೆಕ್' ಕಂತನ್ನು ಶಿಯರ್‌ಮನ್ ಇದರಿಂದಲೇ ಬೆಳೆಸಿದರು.

ನನ್ನ ಮನಸ್ಸು ಕಲಕಿದ್ದು ಮಾತ್ರ 2003ರದೇ ಆದ 'ಡಾಕ್ಟರ್ ಹೂ ಅಂಡ್ ದ ಪೈರೇಟ್ಸ್'. ಹೆಸರು ಕೇಳಿದರೆ ತಮಾಷೆ. ಕಡಲುಗಳ್ಳರು, ನಿಧಿ, ಮೂರನೆಯ ಭಾಗವಂತೂ ಗಿಲ್ಬರ್ಟ್ ಮತ್ತು ಸಲಿವನ್ ಅವರ ಗೀತನಾಟಕಗಳ ಮಟ್ಟಿನಲ್ಲಿ ಹಾಡುಗಳಲ್ಲೇ ಸಾಗುತ್ತದೆ. ಅಡುಗೆಮನೆಯಲ್ಲಿ ಕೇಳುತ್ತ ನಗುತ್ತಿದ್ದೆ. ಕಥೆಯ ಹೊರಗೆ ಇನ್ನೊಂದು ಕಥೆಯಿದೆ. ಎವಲಿನ್ ಒಂದು ರಾತ್ರಿ ತನ್ನ ವಿದ್ಯಾರ್ಥಿನಿ ಸ್ಯಾಲಿಯ ಕೋಣೆಗೆ ಕರೆಯದೆ ಬಂದಿದ್ದಾಳೆ. ಸ್ಯಾಲಿಗೆ ಮಾತು ಬೇಡ, ಕಥೆ ಬೇಡ, ಎವಲಿನ್ ಎದ್ದು ಹೋದರೆ ಸಾಕು. ಆದರೂ ಎವಲಿನ್ ಕಡಲುಗಳ್ಳರ ಕಥೆ ಹೇಳುತ್ತಲೇ ಹೋಗುತ್ತಾಳೆ. ಎಲ್ಲೆಲ್ಲೋ ತಪ್ಪುತ್ತಾಳೆ, ಹುಡುಗಿ ತಕರಾರು ತೆಗೆಯುತ್ತಾಳೆ. ತಕರಾರು ತೆಗೆಯುವವಳು ಇನ್ನೂ ಕೇಳುತ್ತಿದ್ದಾಳೆ ಎಂದೇ ಅರ್ಥ. ಸ್ಯಾಲಿ ಆ ರಾತ್ರಿ ಬೆಳಗಾಗುವುದನ್ನು ನೋಡಬಾರದೆಂದು ನಿರ್ಧರಿಸಿದ್ದಳೆಂಬುದು ನಮಗೆ ನಿಧಾನವಾಗಿ ಹೊಳೆಯುತ್ತದೆ. ಕಥೆಯಲ್ಲಿ ಎವಲಿನ್ ಮುಚ್ಚಿಡಲು ನೋಡುವ ಒಂದು ಸಾವಿದೆ, ತಾನು ಉಳಿಸಲಾಗದ ಹಡಗಿನ ಹುಡುಗನದು. ಅದನ್ನು ಹೇಳದೆ ಕಥೆ ಮುಗಿಯುವುದಿಲ್ಲ. ಮ್ಯಾಗಿ ಸ್ಟೇಬಲ್ಸ್ ಅವರ ಧ್ವನಿ ಅಲ್ಲಿ ತಡೆದು ತಡೆದು ಬರುತ್ತದೆ. ಒಲೆಯ ಮೇಲಿದ್ದ ಸಾರು ಉಕ್ಕಿದ್ದು ನನಗೆ ಗೊತ್ತಾಗಲಿಲ್ಲ.

ಯಾಕೆಂದರೆ ನನಗೂ ಒಬ್ಬ ಹುಡುಗಿಯಿದ್ದಳು. ಒಂಬತ್ತನೆಯ ತರಗತಿ, ಕಿಟಕಿಯ ಪಕ್ಕದ ಬೆಂಚು. ಫ್ರೆಂಚ್ ಕ್ರಾಂತಿಯ ಪಾಠ ಅರ್ಧವಾಗಿತ್ತು. ರಾಜ, ರಾಣಿ ಇಬ್ಬರನ್ನೂ ಸೆರೆಯಲ್ಲಿಟ್ಟಲ್ಲಿಗೆ ಗಂಟೆ ಹೊಡೆಯಿತು. ಮಾರನೆಯ ದಿನದಿಂದ ಅವಳು ಬರಲಿಲ್ಲ. ಒಂದು ವಾರ, ಎರಡು ವಾರ. ಅವಳ ಊರಿಗೆ ಬಸ್ಸಿತ್ತು, ಅರ್ಧ ಗಂಟೆಯ ದಾರಿ. ಬರುವ ಭಾನುವಾರ ಹೋಗೋಣ ಎಂದು ಮೂರು ಭಾನುವಾರ ಅಂದುಕೊಂಡೆ. ನಾಲ್ಕನೆಯ ವಾರ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದೆ. ಎರಡು ವರ್ಷದ ಮೇಲೆ ಸಂತೆಯಲ್ಲಿ ಸಿಕ್ಕಳು. ಕೊರಳಲ್ಲಿ ತಾಳಿ, ಸೊಂಟದ ಮೇಲೆ ಕೂಸು. ನಾನು ಏನು ಹೇಳಲಿ ಎಂದು ತಡವರಿಸುತ್ತಿದ್ದರೆ ಅವಳೇ ಕೇಳಿದಳು: "ಟೀಚರ್, ಆ ರಾಣಿ ಕೊನೆಗೆ ಏನಾದ್ಲು?"

ಸೊಪ್ಪಿನ ಅಂಗಡಿಯ ಮುಂದೆ ನಿಂತು ಅವಳಿಗೆ ಗಿಲೊಟಿನ್ನಿನ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಪಾಪ" ಎಂದು ಹೊರಟುಹೋದಳು.

ಬಾರ್ಬರಾ ಮತ್ತು ಇಯಾನ್ ಶಿಷ್ಯೆಯ ವಿಳಾಸ ಹುಡುಕಿಕೊಂಡು ಹೊರಟರು. ನಲವತ್ತು ವರ್ಷದ ಮೇಲೆ ಎವಲಿನ್ ತನ್ನ ಶಿಷ್ಯೆಯ ಬಾಗಿಲು ತಟ್ಟಿದಳು. ನಡೆದುಹೋದದ್ದನ್ನು ತಿದ್ದಲು ನಮಗಂತೂ ನೀಲಿ ಪೆಟ್ಟಿಗೆಯಿಲ್ಲ. ನಾನು ಎಳೆದ ಕೆಂಪು ಗೆರೆ ಎಳೆದಂತೆಯೇ ಇದೆ. ಮ್ಯಾಗಿ ಸ್ಟೇಬಲ್ಸ್ 2014ರಲ್ಲಿ ತೀರಿಕೊಂಡರು. ಅವರ ಧ್ವನಿ ನನ್ನ ಮೊಬೈಲಿನಲ್ಲಿದೆ.

ಈಗ ಯಾವ ಮಗು ಮೂರು ದಿನ ಸತತವಾಗಿ ಬರದಿದ್ದರೂ ನಾಲ್ಕನೆಯ ದಿನ ಶಾಲೆ ಬಿಟ್ಟ ಮೇಲೆ ವಿಳಾಸ ಬರೆದುಕೊಂಡು ಬಸ್ಸು ಹತ್ತುತ್ತೇನೆ. ಹೆಚ್ಚಿನ ಸಲ ಜ್ವರ, ಇಲ್ಲವೇ ಅಜ್ಜಿಮನೆಯ ಹಬ್ಬ. ಒಂದೆರಡು ಸಲ ಮಾತ್ರ ಜಗಲಿಯ ಮೇಲೆ ಬಹಳ ಹೊತ್ತು ಕೂತು ಅಪ್ಪ ಅಮ್ಮನ ಹತ್ತಿರ ಮಾತನಾಡಬೇಕಾಯಿತು. ಈ ವಯಸ್ಸಿನಲ್ಲಿ ಇದೇನು ಹೊಸ ಉಮೇದು ಎಂದು ಹೆಡ್‌ಮಾಸ್ಟರು ಕೇಳುತ್ತಾರೆ. ಇಂಗ್ಲಿಷಿನ ಕಡಲುಗಳ್ಳರ ನಾಟಕ ಕೇಳಿದ್ದರಿಂದ ಎಂದರೆ ಅವರು ನಗುತ್ತಾರೆ. ಆದ್ದರಿಂದ ಇನ್ನೂ ಹೇಳಿಲ್ಲ.